ಹಳ್ಳವೊಂದು ನಾಲಾ ಆದದ್ದು

ಮಂಡ್ಯದ ಕಡೆ ನಾಲೆ ಎಂದರೆ ಗದ್ದೆಗೆ ನೀರು ತರುವ ಕಾಲುವೆ. ಮುಂಬೈಯಲ್ಲಿ ನಾಲಾ ಎಂದರೆ ಊರಿನ ಕೊಳೆ ಹೊತ್ತೊಯ್ಯುವ ಚರಂಡಿ. ಸಾಂತಾಕ್ರೂಜ್ ಪೂರ್ವದಲ್ಲಿ ಹರಿದು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಬಳಿ ಮೀಠಿ ನದಿಗೆ ಸೇರುವ ವಾಕೋಲಾವನ್ನು ಎಲ್ಲರೂ ಕರೆಯುವುದು ನಾಲಾ ಎಂದೇ. ಭೂಗೋಳದ ಲೆಕ್ಕದಲ್ಲಿ ಅದು ಮೀಠಿಯ ಉಪನದಿ. ಕನ್ನಡದಲ್ಲಾದರೆ ಹಳ್ಳ ಎನ್ನಬಹುದಾದದ್ದು.

ವಾಕೋಲಾದ ಗತಿ ತಿಳಿಯಬೇಕಾದರೆ ಮೊದಲು ಮೀಠಿಯ ಗತಿ ನೋಡಬೇಕು. ವಿಹಾರ್ ಮತ್ತು ಪವಾಯಿ ಕೆರೆಗಳ ಕೋಡಿ ನೀರಿನಿಂದ ಹುಟ್ಟಿ ಸುಮಾರು 18 ಕಿಲೋಮೀಟರ್ ಹರಿದು ಅದು ಮಾಹಿಮ್ ಅಳಿವೆಯಲ್ಲಿ ಸಮುದ್ರ ಸೇರುತ್ತದೆ. ಅದರ ಎರಡು ತುದಿಗೂ ನಗರ ಕೈಹಾಕಿದ್ದು ಬ್ರಿಟಿಷರ ಕಾಲದಲ್ಲೇ. 1845ರಲ್ಲಿ ಮಾಹಿಮ್ ಮತ್ತು ಬಾಂದ್ರಾಗಳ ನಡುವೆ ಕಾಸ್‌ವೇ ಎದ್ದಿತು. ಕುಡಿಯುವ ನೀರಿಗೆ ಪರದಾಡುತ್ತಿದ್ದ ಬೊಂಬಾಯಿಗಾಗಿ 1860ರ ಹೊತ್ತಿಗೆ ವಿಹಾರ್ ಅಣೆಕಟ್ಟು ಸಿದ್ಧವಾಯಿತು. ನದಿಯ ನೀರು ನಲ್ಲಿಗೆ ಹೋಯಿತು, ಪಾತ್ರಕ್ಕೆ ಉಳಿದದ್ದು ಮಳೆಗಾಲದ ಕೋಡಿ. ಆಮೇಲೆ ವಿಮಾನ ನಿಲ್ದಾಣದ ಬಳಿ ನದಿಯನ್ನು ಮೊಣಕೈಯಂತೆ ತಿರುಗಿಸಲಾಯಿತು. 1970ರ ದಶಕದಿಂದ ಸಂಗಮದ ಆಸುಪಾಸಿನ ಜೌಗು ನೆಲಕ್ಕೆ ಮಣ್ಣು ತುಂಬಿ ಕಚೇರಿಗಳ ಬಡಾವಣೆ ಕಟ್ಟಿದರು. ಭರತದ ಹೊತ್ತಿನಲ್ಲಿ ಎರಡೂ ನೀರು ಹರಡಿಕೊಂಡು ಕಾಯುತ್ತಿದ್ದ ಜಾಗವೇ ಅದು.

2005ರ ಜುಲೈ 26ರಂದು ಸಾಂತಾಕ್ರೂಜ್ ಮಾಪನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ದಕ್ಷಿಣದ ಕೊಲಾಬಾದಲ್ಲಿ ನೂರು ಮಿಲಿಮೀಟರ್ ಕೂಡ ಇಲ್ಲ! ಮಧ್ಯಾಹ್ನ ಸಮುದ್ರದಲ್ಲಿ ದೊಡ್ಡ ಭರತ. ಮೀಠಿಗೇ ಹೊರಹೋಗಲು ದಾರಿಯಿಲ್ಲದಾಗ ಉಪನದಿಗೆ ಎಲ್ಲಿಯ ದಾರಿ? ವಾಕೋಲಾ ಹಿಮ್ಮುಖವಾಗಿ ಉಕ್ಕಿತು. ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿರುವ ಕಲೀನಾದ ಸುತ್ತಮುತ್ತ ನೆಲಮಹಡಿಯ ಮನೆಗಳು ಮುಳುಗಿದವು. ಚರಂಡಿ ಕಟ್ಟಿಕೊಂಡಿತು ಎಂದು ಬೈದವರೇ ಹೆಚ್ಚು. ಆದರೆ ಕಸ ಅರ್ಧ ಕಾರಣ ಮಾತ್ರ. ಜಾಗ ಕಳೆದುಕೊಂಡ ಹೊಳೆ ಉಳಿದರ್ಧ.

ಅದೇ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಮೀಠಿ ನದಿಗಾಗಿ ಪ್ರಾಧಿಕಾರವೊಂದನ್ನು ರಚಿಸಿತು. ಪತ್ರಿಕೆಗಳಲ್ಲಿ ಮೀಠಿ ಮತ್ತೆ ನದಿಯಾಯಿತು. ಅಗಲ ಮಾಡುವ, ಹೂಳೆತ್ತುವ ಕೆಲಸದಲ್ಲಿ ವಾಕೋಲಾಕ್ಕೂ ಪಾಲು ಸಿಕ್ಕಿತು, ನದಿಯೆಂಬ ಹೆಸರು ಸಿಗಲಿಲ್ಲ. ನದಿಗೆ ದಂಡೆ ಇರುತ್ತದೆ, ಉಕ್ಕಿದಾಗ ಹರಡಲು ಬಯಲು ಬೇಕಾಗುತ್ತದೆ. ನಾಲಾಕ್ಕೆ ಎರಡು ಕಾಂಕ್ರೀಟ್ ಗೋಡೆ ಸಾಕು ಎಂದು ತೋರುತ್ತದೆ. ವಾಕೋಲಾಕ್ಕೆ ಸಿಕ್ಕಿದ್ದೂ ಗೋಡೆಗಳೇ. ಭರತವಾದರೆ ಉಪ್ಪುನೀರು ಇಂದಿಗೂ ಅಳಿವೆಯಿಂದ ಮೀಠಿಯೊಳಕ್ಕೆ ನುಗ್ಗಿ ಬರುತ್ತದೆ.