ಊರಿಗೇ ಬಂದ ಚಿಕಿತ್ಸೆ

ಗಂಡನನ್ನು ಕುಡಿತಕ್ಕೆ ಕಳೆದುಕೊಂಡ ಶಾಂತಿ ರಂಗನಾಥನ್, 1980ರಲ್ಲಿ ಮದ್ರಾಸಿನಲ್ಲಿ ಕುಡಿತದ ಚಟಕ್ಕೆ ಚಿಕಿತ್ಸೆ ಕೊಡುವ ಸಂಸ್ಥೆ ಕಟ್ಟಿದರು. ಆದರೆ ಹಳ್ಳಿಯ ಕೂಲಿಯವರಿಗೆ ಮದ್ರಾಸು ದೂರ. ಹಾಗಾಗಿ ಸಂಸ್ಥೆಯವರೇ ಮಂಜಕ್ಕುಡಿ ಎಂಬ ಹಳ್ಳಿಗೆ ಹೋಗಿ, ಊರಿನವರ ನೆರವಿನಿಂದ ಶಿಬಿರ ನಡೆಸಿದರು. ಔಷಧಿಯ ಜೊತೆಗೆ ಮನೆಯವರನ್ನೂ ಕೂರಿಸಿಕೊಂಡು ಮಾತಾಡಿದರು. ಕುಡುಕ ಕೆಟ್ಟವನಲ್ಲ, ರೋಗಿ ಎಂದು ಊರು ನೋಡಿತು.

ನಮ್ಮ ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ. ಕಾನೂನು ಅಂಗಡಿ ಮುಚ್ಚಿಸಬಹುದು, ಕಾಯಿಲೆ ವಾಸಿ ಮಾಡಲಾರದು.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ 14446ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಉಚಿತ ಸಹಾಯವಾಣಿ. ದಿನಾ ಕುಡಿಯುವವರನ್ನು ಡಾಕ್ಟರಿಗೆ ತೋರಿಸದೆ ಒಮ್ಮೆಲೇ ಬಿಡಿಸಬೇಡಿ, ಫಿಟ್ಸ್ ಬರಬಹುದು. ಬೈಯುವ ಬದಲು ಜೊತೆಗೆ ಹೋಗಿ.