‘ತಾಂ’ ಎಂದವನ ಊರು

ಮಿದುಳಿನ ಯಾವ ಮೂಲೆಯಲ್ಲಿ ಮಾತು ಹುಟ್ಟುತ್ತದೆ? ಈ ಪ್ರಶ್ನೆ ಹಿಡಿದು ಫ್ರೆಂಚ್ ಶಸ್ತ್ರವೈದ್ಯ ಪಾಲ್ ಬ್ರೋಕಾ ಅವರ 1861ರ ವರದಿ ಓದತೊಡಗಿದ ನನ್ನನ್ನು ಮೊದಲು ತಡೆದು ನಿಲ್ಲಿಸಿದ್ದು ಒಬ್ಬ ರೋಗಿಯ ಕೈಬೆರಳು.

ಆತ ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿದ್ದವ. ಏನು ಕೇಳಿದರೂ ‘ತಾಂ, ತಾಂ’ ಅನ್ನುತ್ತಿದ್ದ. ಅಲ್ಲಿನವರಿಗೆ ಅದೇ ಆತನ ಹೆಸರಾಗಿತ್ತು. (ಹಳಗನ್ನಡ ಓದಿದವರ ಕಿವಿಗೆ ಇದು ‘ತಾನು’ ಎಂದು ಬಡಿಯುತ್ತದೆ. ಬರೀ ಕಾಕತಾಳೀಯ, ಆದರೂ ಹೇಳದೆ ಇರಲಾರೆ.) ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು ಎಂದು ಬ್ರೋಕಾ ಕೇಳಿದರು. ಆತ ಕೈಯ ಐದೂ ಬೆರಳನ್ನು ನಾಲ್ಕು ಸಲ ಬಿಡಿಸಿ, ಆಮೇಲೆ ಒಂದೇ ಬೆರಳೆತ್ತಿದ. ಇಪ್ಪತ್ತೊಂದು, ಲೆಕ್ಕ ಸರಿ. ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯ ಸಲ ಕೇಳಿದಾಗ, ಇವರು ತನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆಂದು ಹೊಳೆದು ಸಿಡಿದುಬಿದ್ದ. ದೇವರ ಹೆಸರೆತ್ತಿದ ಬೈಗುಳವೊಂದು ಪೂರ್ತಿಯಾಗಿ ಬಾಯಿಂದ ಬಂತು!

ಏಪ್ರಿಲ್ 17ರಂದು ಆತ ತೀರಿಕೊಂಡ. ಮರುದಿನವೇ ಮಿದುಳು ಪ್ಯಾರಿಸ್ಸಿನ ಮಾನವಶಾಸ್ತ್ರ ಸಂಘದ ಸಭೆಯಲ್ಲಿತ್ತು. ಎಡ ಮುಂಭಾಗದ ಹಾಲೆಯಲ್ಲಿ ಹಾನಿಯಾಗಿದ್ದ ಆ ಜಾಗಕ್ಕೆ ಇಂದು ಬ್ರೋಕಾ ಅವರದೇ ಹೆಸರು. ಅವರು ಮಾಡಿದ ದೊಡ್ಡ ಉಪಕಾರವೆಂದರೆ ಮಿದುಳನ್ನು ಹೋಳು ಮಾಡದೆ ಹಾಗೇ ಕಾಪಿಟ್ಟದ್ದು. ಹಾಗಾಗಿ 2007ರಲ್ಲಿ ನೀನಾ ಡ್ರಾಂಕರ್ಸ್ ಮತ್ತು ಸಂಗಡಿಗರು ಅದರ ಎಂಆರ್‌ಐ ವಿವರಗಳನ್ನು ಪ್ರಕಟಿಸಲು ಸಾಧ್ಯವಾಯಿತು. ಹಾನಿ ಮೇಲ್ಪದರಕ್ಕೆ ನಿಂತಿರಲಿಲ್ಲ. ಒಳಗಿನ ಇನ್ಸುಲಾ ಎಂಬ ಭಾಗವನ್ನು ಹೊಕ್ಕು, ಮಿದುಳಿನ ಹಿಂದುಮುಂದನ್ನು ಬೆಸೆಯುವ ನರತಂತುಗಳ ಕಟ್ಟನ್ನೂ ಕಡಿದಿತ್ತು. ಮಾತಿಗೆ ಒಂದೇ ಮನೆ ಎಂಬ ಲೆಕ್ಕಾಚಾರ ಅಲುಗಾಡಿತು.

ಮಿದುಳಿಗೆ ಇಷ್ಟೆಲ್ಲ ಆರೈಕೆ. ಮನುಷ್ಯ? ವರದಿಯಲ್ಲಿರುವುದು ಲೆಬೋರ್ನ್ ಎಂಬ ಮನೆತನದ ಹೆಸರು ಮಾತ್ರ. ಹಳೆಯ ಜನನ ಮರಣದ ದಾಖಲೆಗಳನ್ನು ಜಾಲಾಡಿ ಆತನನ್ನು ಹುಡುಕಿದವರು ನರವಿಜ್ಞಾನಿಯಲ್ಲ. ಪೋಲೆಂಡಿನ ಲುಬ್ಲಿನ್ ನಗರದ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರದ ಇತಿಹಾಸ ಬರೆಯುವ ಸೆಜರಿ ಡೊಮಾನ್ಸ್ಕಿ. ಅವರ ಶೋಧ ಅಚ್ಚಾದದ್ದು 2013ರಲ್ಲಿ. ಪೂರ್ತಿ ಹೆಸರು ಲೂಯಿ ವಿಕ್ತೋರ್ ಲೆಬೋರ್ನ್, ಹುಟ್ಟಿದ್ದು 1809ರ ಜುಲೈ 21ರಂದು, ಲುವಾಂಗ್ ನದಿ ದಂಡೆಯ ಮೊರೆ ಎಂಬ ಊರಲ್ಲಿ. ಅಪ್ಪ ಶಾಲಾ ಮೇಷ್ಟ್ರು! ಓದುಬರಹವಿಲ್ಲದ ಬಡಪಾಯಿ ಎಂದು ಬರೆದುಕೊಂಡು ಬಂದವರು ಇದನ್ನು ನೋಡಬೇಕಿತ್ತು. ಚಪ್ಪಲಿ ಹೊಲಿಯುವವರಿಗೆ ಬೇಕಾದ ಮರದ ಅಚ್ಚು ಕೆತ್ತುವುದು ಆತನ ಕಸುಬು. ಚಿಕ್ಕಂದಿನಿಂದ ಮೂರ್ಛೆರೋಗ, ಮೂವತ್ತರ ಹೊತ್ತಿಗೆ ಮಾತು ನಿಂತಿತು.

ಆ ಊರಿನಲ್ಲಿ ಓಕ್ ತೊಗಟೆ ಪುಡಿಮಾಡುವ ಗಿರಣಿಗಳಿದ್ದವು. ನಮ್ಮಲ್ಲಿ ಚರ್ಮ ಹದ ಮಾಡಲು ತಂಗಡಿ ತೊಗಟೆ ಇದ್ದಂತೆ ಅಲ್ಲಿ ಓಕ್; ಆ ಪುಡಿಗೆ ಫ್ರೆಂಚಿನಲ್ಲಿ ‘ತಾಂ’ ಎಂದೇ ಹೆಸರು. ಬಾಲ್ಯದ ಆ ಶಬ್ದವೇ ನಾಲಿಗೆಯಲ್ಲಿ ಉಳಿಯಿತೇ? ಡೊಮಾನ್ಸ್ಕಿ ಅದನ್ನು ಊಹೆಯಾಗಿಯೇ ಮುಂದಿಡುತ್ತಾರೆ. ನನಗೂ ಮೊದಲು ನಂಬಿಕೆ ಬರಲಿಲ್ಲ. ಇಂಥ ರೋಗಿಗಳ ಬಾಯಲ್ಲಿ ಅರ್ಥವಿಲ್ಲದ ತುಣುಕುಗಳು ಉಳಿಯುವುದುಂಟು. ಆಮೇಲೆ ಬ್ರೋಕಾ ಅವರ ಎರಡನೆಯ ರೋಗಿ, ಮುದುಕ ಲೆಲಾಂಗ್‌ನ ವಿವರ ಓದಿದೆ. ಆತನಿಗೆ ಉಳಿದಿದ್ದು ಐದೇ ಶಬ್ದ. ಅದರಲ್ಲೊಂದು ‘ಲೆಲೋ’, ಸ್ವಂತ ಹೆಸರಿನ ಮುರುಕು. ಅಂದಿನಿಂದ ಗಿರಣಿಯ ಮಾತನ್ನು ತಳ್ಳಿಹಾಕಲು ಮನಸ್ಸಾಗುತ್ತಿಲ್ಲ.