ಕುಸುಬಿ ಹಾಲು: ಕಾಳಿನಲ್ಲಿದ್ದರೆ ವರ್ಷ, ಹಿಂಡಿದರೆ ಒಂದು ಹೊತ್ತು

ಸೋಯಾ, ಬಾದಾಮಿ, ಓಟ್ಸ್‌ಗಳ ಹಾಲು ಕಾಗದದ ಪೆಟ್ಟಿಗೆಗಳಲ್ಲಿ ಅಂಗಡಿಗೆ ಬಂದ ಮೇಲೆ ಪಟ್ಟಣದ ಮನೆಗಳಲ್ಲಿ ಒಂದು ಅನುಮಾನವೂ ಜೊತೆಗೇ ಬಂದಿದೆ. ಇದನ್ನು ಎಷ್ಟು ದಿನ ಇಡಬಹುದು? ಕೆಟ್ಟಿದೆ ಎಂದು ತಿಳಿಯುವುದು ಹೇಗೆ? ಆಕಳ ಹಾಲಾದರೆ ಒಲೆಯ ಮೇಲಿಟ್ಟರೆ ಸಾಕು, ಕೆಟ್ಟಿದ್ದರೆ ಒಡೆದುಹೋಗುತ್ತದೆ. ಕಾಳಿನ ಹಾಲಿಗೆ ಈ ಪರೀಕ್ಷೆ ನಡೆಯುವುದಿಲ್ಲ. ವಿಜಯಪುರ ಸೀಮೆಯ ಹಳೆಯ ಅಡುಗೆಮನೆಗಳಿಗೆ ಇದೇನೂ ಹೊಸ ಸಂಗತಿಯಲ್ಲ. ಕುಸುಬಿಯಿಂದ ಹಾಲು ತೆಗೆದು ಹುಗ್ಗಿ ಮಾಡುವುದು ಇಲ್ಲಿ ತಲೆಮಾರುಗಳಿಂದ ಬಂದ ರೂಢಿ.

ತಿಕೋಟಾ, ಬಬಲೇಶ್ವರ ಭಾಗದ ಎರೆಭೂಮಿಯಲ್ಲಿ ಹಿಂಗಾರಿ ಎಂದರೆ ಬಿಳಿಜೋಳ, ಕಡಲೆ ಮತ್ತು ಕುಸುಬಿ. ಮಳೆ ನಿಂತ ಮೇಲೆ ನೆಲದಲ್ಲಿ ಉಳಿದ ಹಸಿಯನ್ನೇ ಆಳವಾದ ಬೇರಿನಿಂದ ಹೀರಿ ಬೆಳೆಯುವ ಗಿಡ ಕುಸುಬಿ. ಜೋಳದ ಹೊಲದ ಸುತ್ತ ನಾಲ್ಕು ಸಾಲು ಕುಸುಬಿ ಹಾಕಿದರೆ ಅದರ ಮುಳ್ಳಿಗೆ ಹೆದರಿ ದನಕರುಗಳು ಒಳಗೆ ಬಾಯಿ ಹಾಕುವುದಿಲ್ಲ. ಆ ಮುಳ್ಳು ಮನುಷ್ಯರನ್ನೂ ಬಿಡದು. ಇಬ್ಬನಿಯಲ್ಲಿ ಮುಳ್ಳು ಮೆತ್ತಗಿರುವ ನಸುಕಿನಲ್ಲೇ ಕೊಯ್ಲು ಮುಗಿಸುವುದು ರೈತರ ಪದ್ಧತಿ. ಒಂದು ಕಾಲಕ್ಕೆ ಕುಸುಬಿಯ ಬೆಲೆ ಅದರ ಹೂವಿನಲ್ಲಿತ್ತು, ಬಟ್ಟೆಗೆ ಹಾಕುವ ಕೆಂಪು ಬಣ್ಣ ಅದರಿಂದ ಬರುತ್ತಿತ್ತು. ಈಜಿಪ್ತಿನ ಪ್ರಾಚೀನ ಗೋರಿಗಳಲ್ಲೂ ಕುಸುಬಿ ಹೂವು ಸಿಕ್ಕಿದೆ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ರಾಸಾಯನಿಕ ಬಣ್ಣಗಳು ಬಂದು ಹೂವಿನ ಕಥೆ ಮುಗಿಯಿತು. ಉಳಿದದ್ದು ಗಾಣದ ಎಣ್ಣೆ ಮತ್ತು ಮನೆಯ ಹಾಲು.

ಹಾಲು ತೆಗೆಯುವ ಕ್ರಮ ಸರಳ, ಆದರೆ ರಟ್ಟೆಗೆ ಕೆಲಸ. ಕಾಳನ್ನು ಆರಿಸಿ, ತೊಳೆದು, ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಆ ನೀರನ್ನು ಚೆಲ್ಲಿ ಒರಳಿನಲ್ಲಿ ರುಬ್ಬುತ್ತಾರೆ. ತೆಳು ಬಟ್ಟೆಯಲ್ಲಿ ಹಿಂಡಿದರೆ ಗಟ್ಟಿ ಹಾಲು ಬರುತ್ತದೆ. ಉಳಿದ ಚರಟಕ್ಕೆ ನೀರು ಬೆರೆಸಿ ಮತ್ತೆ ಹಿಂಡಿದರೆ ತೆಳು ಹಾಲು. ಬೇಯಿಸಿದ ಗೋಧಿಗೆ ಈ ಹಾಲು ಹಾಕಿ, ಬೆಲ್ಲ, ಏಲಕ್ಕಿ, ಒಣಕೊಬ್ಬರಿ ಸೇರಿಸಿ ಕುದಿಸಿದರೆ ಕುಸುಬಿ ಹುಗ್ಗಿ. ಕುದಿಯುವಾಗ ಕೈ ಬಿಡದೆ ತಿರುವುತ್ತಲೇ ಇರಬೇಕು. ಕಾಳಿನ ಪ್ರೋಟೀನು ಕಾವಿಗೆ ಹೆಪ್ಪುಗಟ್ಟುವುದರಿಂದ, ಆಗ ತಾನೇ ಹಿಂಡಿದ ತಾಜಾ ಹಾಲು ಕೂಡ ಕೈ ನಿಂತರೆ ಒಡೆದಂತೆ ಗಂಟಾಗುತ್ತದೆ. ಒಲೆಯ ಮೇಲಿನ ಪರೀಕ್ಷೆ ಇಲ್ಲಿ ಸುಳ್ಳಾಗುವುದು ಈ ಕಾರಣಕ್ಕೆ.

ಇನ್ನೊಂದು ವಿಚಿತ್ರವೂ ಇದೆ. ಕುಸುಬಿ ಕಾಳಿನ ರಸ ಪ್ರಾಣಿಗಳ ಹಾಲನ್ನು ಹೆಪ್ಪುಗಟ್ಟಿಸುತ್ತದೆ ಎಂದು ಕ್ರಿ.ಶ. ಒಂದನೇ ಶತಮಾನದ ಗ್ರೀಕ್ ವೈದ್ಯ ದಿಯೊಸ್ಕೊರಿದೀಸ್ ಬರೆದಿಟ್ಟಿದ್ದಾನೆ. ಕಾಳಿನಲ್ಲಿರುವ ಕಿಣ್ವವೊಂದು ಹಾಲಿನ ಪ್ರೋಟೀನನ್ನು ಕತ್ತರಿಸುವುದೇ ಇದಕ್ಕೆ ಕಾರಣ. ಹಸಿ ಕುಸುಬಿ ಹಾಲಿಗೆ ಎಮ್ಮೆ ಹಾಲು ಬೆರೆಸಿದಾಗ ಒಡೆದರೆ ಎರಡರಲ್ಲಿ ಯಾವುದೂ ಕೆಟ್ಟಿರಲೇಬೇಕೆಂದಿಲ್ಲ.

ಹಾಗಾದರೆ ನಿಜವಾಗಿ ಕೆಟ್ಟದ್ದನ್ನು ಗುರುತಿಸುವುದು ಹೇಗೆ? ಪಾತ್ರೆಯಲ್ಲಿ ಹಾಲು ಮೇಲೆ ಕೆನೆ, ಕೆಳಗೆ ತಿಳಿನೀರು ಎಂದು ಬೇರೆಯಾದರೆ ಗಾಬರಿ ಬೇಡ. ಎಣ್ಣೆ ಮೇಲೇಳುವುದು ಅದರ ಗುಣ, ಕದಡಿದರೆ ಮತ್ತೆ ಕೂಡಿಕೊಳ್ಳುತ್ತದೆ. ಕದಡಿದರೂ ಕೂಡದೆ ಕರಣೆಯಾಗಿ ಉಳಿದರೆ, ಬೆರಳಿಗೆ ಲೋಳೆಯಂತೆ ಎಳೆಬಂದರೆ, ಅಲುಗಿಸದೆಯೇ ಗುಳ್ಳೆ ಎದ್ದಿದ್ದರೆ, ಹುಳಿ ವಾಸನೆ ಹೊಡೆದರೆ ಅದು ಸೂಕ್ಷ್ಮಜೀವಿಗಳ ಕೆಲಸ. ಪೆಟ್ಟಿಗೆ ಉಬ್ಬಿದ್ದರೆ ರುಚಿ ನೋಡುವ ಸಾಹಸವೂ ಬೇಡ. ಕಮಟು ವಾಸನೆಯ ಕಾರಣ ಬೇರೆ. ಕುಸುಬಿ ಎಣ್ಣೆಯಲ್ಲಿ ಶೇ 70ಕ್ಕೂ ಹೆಚ್ಚು ಲಿನೋಲಿಯಿಕ್ ಆಮ್ಲ. ಗಾಳಿ ತಾಗಿದರೆ ಇದು ಬೇಗ ಕೆಡುತ್ತದೆ. ಹುಳಿ ವಾಸನೆ ಬಂದರೆ ತಪ್ಪು ಹಾಲನ್ನು ಇಟ್ಟಿದ್ದರಲ್ಲಿ. ತಾಜಾ ಹಾಲೇ ಕಮಟಾಗಿದ್ದರೆ ತಪ್ಪು ಕಾಳಿನಲ್ಲಿ. ಹುಳಿ ಬಂದದ್ದನ್ನು ಮತ್ತೆ ಕುದಿಸಿ ಸರಿಪಡಿಸುವ ಅಭ್ಯಾಸವೂ ಒಳ್ಳೆಯದಲ್ಲ. ಕುದಿಸಿದರೆ ಜೀವಿಗಳು ಸಾಯಬಹುದು; ಅವು ಬಿಟ್ಟುಹೋದ ಕೆಲವು ವಿಷಗಳು ಕುದಿತಕ್ಕೂ ಜಗ್ಗುವುದಿಲ್ಲ.

ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಊರಿನಲ್ಲಿ, ಫ್ರಿಜ್ ಇಲ್ಲದ ಕಾಲದಲ್ಲಿ, ಇಂಥ ಹಾಲನ್ನು ಇಡುವ ಉಪಾಯ ಏನಿತ್ತು? ಇಡುತ್ತಲೇ ಇರಲಿಲ್ಲ ಎಂಬುದೇ ಉತ್ತರ. ಹಿಂಡಿದ ಹಾಲು ಅಂದೇ ಒಲೆಗೆ, ಹುಗ್ಗಿ ಅಂದೇ ಎಲೆಗೆ. ಕಾಪಿಡುತ್ತಿದ್ದುದು ಕಾಳನ್ನು. ಕುಸುಬಿಯ ಗಟ್ಟಿ ಸಿಪ್ಪೆ ಒಳಗಿನ ಎಣ್ಣೆಗೆ ಗಾಳಿ ಸೋಕದಂತೆ ಕಾಯುತ್ತದೆ. ಚೆನ್ನಾಗಿ ಒಣಗಿಸಿ ತೇವ ತಾಗದಂತೆ ಇಟ್ಟರೆ ಮುಂದಿನ ಸುಗ್ಗಿಯವರೆಗೂ ಬಾಳುತ್ತದೆ. ಕಾಳು ಒಡೆದ ಗಳಿಗೆಯಿಂದ ಲೆಕ್ಕ ದಿನಗಳದ್ದಲ್ಲ, ಗಂಟೆಗಳದ್ದು. ದೂರದ ಇಥಿಯೋಪಿಯಾದಲ್ಲಿ ಕುಸುಬಿಗೆ ‘ಸುಫ್’ ಎನ್ನುತ್ತಾರೆ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಹಾಲು, ಮಾಂಸ ಬಿಡುವ ಉಪವಾಸದ ದಿನಗಳಲ್ಲಿ ಅದರ ಹಾಲಿನಲ್ಲಿ ‘ಇಂಜೆರಾ’ ಎಂಬ ತಮ್ಮ ರೊಟ್ಟಿಯನ್ನು ಮುರಿದುಹಾಕಿ ತಿನ್ನುತ್ತಾರೆ. ಕಾರಣ ಬೇರೆ, ಕಾಳು ಅದೇ.

ಇಂದು ಮನೆಯಲ್ಲಿ ಮಾಡುವವರಿಗೆ ಫ್ರಿಜ್ ಇದೆ. ಹಸಿ ಹಾಲು ಹಿಂಡಿದ ಕೂಡಲೇ 4 ಡಿಗ್ರಿಯಲ್ಲಿಟ್ಟರೂ ಮರುದಿನಕ್ಕೆ ಮುಗಿಸುವುದು ಲೇಸು. ಕುದಿಸಿ ಬೇಗ ತಣಿಸಿದ್ದಾದರೆ ಎರಡು ಮೂರು ದಿನ. ಕಾಗದದ ಪೆಟ್ಟಿಗೆಯ ಹಾಲು ತಿಂಗಳುಗಟ್ಟಲೆ ಹೊರಗೇ ಇರಬಲ್ಲದು. ಅತಿ ಹೆಚ್ಚು ಕಾವಿನಲ್ಲಿ ಕೆಲವೇ ಸೆಕೆಂಡು ಕಾಯಿಸಿ, ಸೂಕ್ಷ್ಮಜೀವಿಗಳಿಲ್ಲದ ಪೆಟ್ಟಿಗೆಗೆ ತುಂಬುವ ವಿಧಾನ ಅದರದ್ದು. ಸ್ವೀಡನ್ನಿನ ಟೆಟ್ರಾ ಪ್ಯಾಕ್ ಇದನ್ನು 1961ರಲ್ಲಿ ಮಾರುಕಟ್ಟೆಗೆ ತಂದಿತು. ಮೂತಿ ಕತ್ತರಿಸಿದ ಮೇಲೆ ಅದೂ ಸಾಮಾನ್ಯ ಹಾಲೇ. ಅಂದಹಾಗೆ, 2021ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು ಸಸ್ಯಜನ್ಯ ಪಾನೀಯಗಳನ್ನು ‘ಹಾಲು’ ಎಂದು ಮಾರಬಾರದೆಂದು ತಾಕೀತು ಮಾಡಿತ್ತು. ತೆಂಗಿನ ಹಾಲಿನಂತೆ ರೂಢಿಯಿಂದ ಬಂದ ಹೆಸರುಗಳಿಗೆ ನಿಯಮದಲ್ಲಿ ವಿನಾಯಿತಿ ಇದೆ. ರೂಢಿಯ ಮಾತು ಬಂದರೆ ಕುಸುಬಿ ಹಾಲಿನ ಹಕ್ಕೂ ಕಡಿಮೆಯದಲ್ಲ.

ಕಾಳೇ ಕಡಿಮೆಯಾಗಿದೆ ಎಂಬುದು ದೊಡ್ಡ ಚಿಂತೆ. 1980ರ ದಶಕದಲ್ಲಿ ದೇಶದಲ್ಲಿ ಹಲವು ಲಕ್ಷ ಹೆಕ್ಟೇರಿನಲ್ಲಿದ್ದ ಕುಸುಬಿ ಈಗ ಒಂದು ಲಕ್ಷ ಹೆಕ್ಟೇರಿಗೂ ಕೆಳಗಿಳಿದಿದೆ. ಸೂರ್ಯಕಾಂತಿ ಬಂತು, 1994ರಲ್ಲಿ ತಾಳೆ ಎಣ್ಣೆಯ ಆಮದು ಮುಕ್ತವಾಯಿತು, ಮುಳ್ಳಿನ ಬೆಳೆ ಕೊಯ್ಯುವ ಕೈಗಳೂ ಕಡಿಮೆಯಾದವು. ಏತ ನೀರಾವರಿ ಬಂದ ತಿಕೋಟಾ, ಬಬಲೇಶ್ವರದ ಹೊಲಗಳಲ್ಲಿ ಇಂದು ಕಣ್ಣಿಗೆ ಬೀಳುವುದು ದ್ರಾಕ್ಷಿಯ ಚಪ್ಪರ. ರೈತನ ಲೆಕ್ಕದಲ್ಲಿ ಅದು ತಪ್ಪಲ್ಲ.

ಮೊದಲು ಮನೆಯ ಕಾಳು ಮನೆಯಲ್ಲೇ ಇರುತ್ತಿತ್ತು, ಯಾವ ವರ್ಷದ್ದೆಂದು ಕೇಳಬೇಕಿರಲಿಲ್ಲ. ಈಗ ಕೊಂಡು ತರುವವರು ಒಂದೆರಡು ಕಾಳು ಸುಲಿದು ಅಗಿದು ನೋಡುವುದು ಒಳಿತು. ಕಹಿ, ಕಮಟು ಇಲ್ಲದೆ ಒಳಗೆ ಬೆಳ್ಳಗಿದ್ದರೆ ಹಾಲಿಗೆ ಆಗುತ್ತದೆ. ಆದರೆ ಈ ಪರೀಕ್ಷೆ ಕಿರಾಣಿ ಅಂಗಡಿಯ ಕಾಳಿಗೆ ಮಾತ್ರ. ಬಿತ್ತನೆ ಬೀಜದ ಚೀಲದ ಕಾಳನ್ನು ಬಾಯಿಗೂ ಹಾಕಬಾರದು, ಒರಳಿಗೂ ಹಾಕಬಾರದು. ಅದಕ್ಕೆ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ, ಎಷ್ಟು ತೊಳೆದರೂ ಅದು ತಿನ್ನುವ ಕಾಳಾಗುವುದಿಲ್ಲ.